ದೊಡ್ಡ ಟ್ಯಾಂಕ್ ಹಾಕಿಸಿದರೆ ಮೇಲಿನ ಮಹಡಿಗೆ ನೀರು ಜೋರಾಗಿ ಬರುತ್ತದಾ?

ನಿಟುವಳ್ಳಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ, ನಿಟುವಳ್ಳಿ ಕಡೆ ಮನೆ. ಕೆಳಗೊಂದು ಮನೆ, ಮೇಲೊಂದು ಮಹಡಿ. ತಾರಸಿ ಮೇಲೆ 1000 ಲೀಟರ್ ಟ್ಯಾಂಕ್ ಇದೆ. ಕೆಳಗಿನ ಬಚ್ಚಲಲ್ಲಿ ನೀರು ಧೋ ಅಂತ ಬರುತ್ತದೆ. ಮೇಲಿನ ಬಚ್ಚಲಲ್ಲಿ ಶವರ್ ತಿರುಗಿಸಿದರೆ ಹೂವಿನ ಹಾರಕ್ಕೆ ನೀರು ಚಿಮುಕಿಸಿದ ಹಾಗೆ. ನನ್ನ ಹೆಂಡತಿ ತಲೆಗೆ ಸೀಗೆಪುಡಿ ಹಚ್ಚಿಕೊಂಡು ನಿಂತರೆ ತೊಳೆದು ಮುಗಿಸುವಷ್ಟರಲ್ಲಿ ನಾನು ಎರಡು ಸಲ ಕಾಫಿ ಕುಡಿದಿರುತ್ತೇನೆ.

ಪ್ಲಂಬರ್ ಬಂದು ನೋಡಿದರು. "2000 ಲೀಟರ್ ಟ್ಯಾಂಕ್ ಹಾಕಿಸಿ ಸಾರ್. ನೀರಿನ ಭಾರ ಜಾಸ್ತಿ ಆದರೆ ಅದೇ ಒತ್ತಿ ತಳ್ಳುತ್ತದೆ" ಅಂದರು. ಅಪ್ಪಾಜಿಗೂ ಅದೇ ಸರಿ ಅನ್ನಿಸಿದೆ. ಒಂಬತ್ತನೇ ಕ್ಲಾಸಿನ ಮಗಳು ಮಾತ್ರ "ಟ್ಯಾಂಕ್ ದೊಡ್ಡದಾದರೆ ಏನೂ ಆಗಲ್ಲ, ಎತ್ತರ ಆಗಬೇಕು" ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಎರಡು ಪಕ್ಷ ಆಗಿದೆ. ದುಡ್ಡು ಕೊಡೋನು ನಾನು, ನನಗೆ ಇಬ್ಬರ ಮಾತೂ ಸರಿ ಕಾಣುತ್ತಿದೆ. ತಿಳಿದವರು ಹೇಳಿ.

ಮಂಡಕ್ಕಿ_ಪ್ರಿಯ

ಭಾರ ಜಾಸ್ತಿ ಆದರೆ ಒತ್ತಡ ಜಾಸ್ತಿ, ಇದರಲ್ಲಿ ಕೇಳೋದೇನಿದೆ? ಹಾಕಿಸಿಬಿಡಿ ಅಣ್ಣಾ.

ರಸಮಟ್ಟ

ಹಾಕಿಸಬೇಡಿ. 22 ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ, ಈ ಮಾತು ಕೇಳಿ ದುಡ್ಡು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಮಗಳ ಮಾತು ಸರಿ.

ಮೊದಲು ನಾಲ್ಕು ವಿಷಯ ಹೇಳಿ. ಟ್ಯಾಂಕ್ ಕೂತಿರುವ ಕಟ್ಟೆ ಎಷ್ಟು ಎತ್ತರ? ತಾರಸಿಯಿಂದ ಮೇಲಿನ ಮಹಡಿ ನೆಲದವರೆಗೆ ಎಷ್ಟು ಅಡಿ? ಶವರ್ ನೆಲದಿಂದ ಎಷ್ಟು ಎತ್ತರದಲ್ಲಿದೆ? ಕೆಳಗಿನ ಬಚ್ಚಲ ನಲ್ಲಿ ಬಿಟ್ಟಾಗ ಮೇಲಿನ ಶವರ್ ಇನ್ನೂ ಸೊರಗುತ್ತದಾ?

ಇನ್ನೊಂದು. 1000 ಲೀಟರ್ ನೀರು ಅಂದರೆ 1000 ಕೆಜಿ, 20 ಮೂಟೆ ಸಿಮೆಂಟಿನ ಭಾರ. 2000 ಲೀಟರ್ ಅಂದರೆ 40 ಮೂಟೆ, ರಾತ್ರಿ ಹಗಲು ನಿಮ್ಮ ಸೂರಿನ ಮೇಲೆ ಕೂತಿರುತ್ತದೆ. ಕೆಳಗೆ ಗೋಡೆನೋ ತೊಲೆನೋ ಇದೆಯಾ ನೋಡದೆ ಸ್ಲ್ಯಾಬ್ ನಡುವೆ ಇಟ್ಟವರ ಮನೆಯಲ್ಲಿ ಬಿರುಕು ಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಭಾರ ನಿಮ್ಮ ಸೂರನ್ನು ಒತ್ತುತ್ತದೆ. ಶವರನ್ನಲ್ಲ.

ನಿಟುವಳ್ಳಿ_ನಿವಾಸಿ

ಟೇಪ್ ಹಿಡಿದು ಅಳೆದೆ. ಕಟ್ಟೆ 1 ಅಡಿ. ತಾರಸಿಯಿಂದ ಮೇಲಿನ ಮಹಡಿ ನೆಲಕ್ಕೆ 10 ಅಡಿ. ಶವರ್ ನೆಲದಿಂದ 7 ಅಡಿ. ಕೆಳಗಿನ ಮನೆ ನಲ್ಲಿ ಬಿಟ್ಟರೆ ಮೇಲಿನ ಶವರ್ ಪೂರ್ತಿ ಸತ್ತೇ ಹೋಗುತ್ತದೆ. ಇನ್ನೊಂದು ವಿಚಿತ್ರ, ಬೆಳಿಗ್ಗೆ ಟ್ಯಾಂಕ್ ತುಂಬಿದ ತಕ್ಷಣ ಪರವಾಗಿಲ್ಲ ಅನ್ನೋ ಹಾಗೆ ಬರುತ್ತದೆ, ರಾತ್ರಿ ಹೊತ್ತಿಗೆ ಸೊರಗುತ್ತದೆ. ಇದು ನೋಡಿದರೆ ನೀರು ಜಾಸ್ತಿ ಇದ್ದಾಗ ಒತ್ತಡ ಜಾಸ್ತಿ ಅಂತಲೇ ಆಯಿತಲ್ವಾ? ಅಪ್ಪಾಜಿ ಇದನ್ನೇ ಹೇಳುತ್ತಿದ್ದಾರೆ.

ಪಿಂಚಣಿ_ಮೇಷ್ಟ್ರು

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ವಿಜ್ಞಾನ ಪಾಠ ಮಾಡುತ್ತಿದ್ದೆ, ಈಗ ಪಿಂಚಣಿ ತಿನ್ನುತ್ತಿದ್ದೇನೆ. ನಿಮ್ಮ ತಂದೆಯವರು ನೋಡಿದ್ದು ನಿಜ. ಕಾರಣ ಮಾತ್ರ ಬೇರೆ.

ಟ್ಯಾಂಕ್ ತುಂಬಿದಾಗ ನೀರಿನ ಮೇಲ್ಮಟ್ಟ ಟ್ಯಾಂಕಿನ ತಳದಿಂದ ಸುಮಾರು 4 ಅಡಿ ಮೇಲಿರುತ್ತದೆ. ಬಳಸಿದ ಹಾಗೆ ಅದು ಇಳಿಯುತ್ತದೆ. ಲೆಕ್ಕ ನೋಡಿ. ಟ್ಯಾಂಕಿನ ತಳ ತಾರಸಿಯಿಂದ 1 ಅಡಿ ಮೇಲೆ, ಶವರ್ ತಾರಸಿಯಿಂದ 3 ಅಡಿ ಕೆಳಗೆ. ಒಟ್ಟು 4 ಅಡಿ. ಟ್ಯಾಂಕ್ ತುಂಬಿದ್ದರೆ 8 ಅಡಿ, ಖಾಲಿಯಾಗುತ್ತಾ ಬಂದರೆ 4 ಅಡಿ. ನಿಮ್ಮ ಬೆಳಿಗ್ಗೆಗೂ ರಾತ್ರಿಗೂ ಇರುವ ವ್ಯತ್ಯಾಸ ಇದೇ.

ಕೆಳಗಿನ ಬಚ್ಚಲ ನಲ್ಲಿ ನೆಲದಿಂದ ಎರಡೂವರೆ ಅಡಿ ಅಂದುಕೊಳ್ಳಿ. ಟ್ಯಾಂಕಿನ ತಳದಿಂದ ಅದಕ್ಕೆ 18 ಅಡಿಗೂ ಮೇಲೆ. ಮೇಲಿನ ಶವರಿಗೆ ಬರೀ 4. ಅದೇ ಟ್ಯಾಂಕ್, ಅದೇ ನೀರು. ಒಂದು ಕಡೆ ಧೋ, ಇನ್ನೊಂದು ಕಡೆ ಚಿಮುಕು. ನೀರಿನ ಪ್ರಮಾಣವೇ ಕಾರಣ ಆಗಿದ್ದರೆ ಎರಡೂ ಕಡೆ ಒಂದೇ ಥರ ಬರಬೇಕಿತ್ತು ಅಲ್ವಾ?

ಸುಮಾರು 10 ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ 1 ಕೆಜಿಯಷ್ಟು ಒತ್ತುತ್ತದೆ. ಆ 10 ಮೀಟರ್ ನೀರು ಬೆರಳು ದಪ್ಪದ ಪೈಪಿನಲ್ಲಿದ್ದರೂ ಅಷ್ಟೇ, ದೊಡ್ಡ ಬಾವಿಯಲ್ಲಿದ್ದರೂ ಅಷ್ಟೇ. ನಿಮ್ಮ ಶವರಿನ ತಲೆ ಮೇಲೆ ನಿಂತಿರೋದು ಅದರ ನೇರಕ್ಕಿರುವ ನೀರಿನ ಕಂಬ ಮಾತ್ರ. ಪಕ್ಕದ ನೀರಿನ ಭಾರವನ್ನು ಟ್ಯಾಂಕಿನ ತಳ ಹೊತ್ತುಕೊಂಡಿದೆ. ರಸಮಟ್ಟದವರು ಹೇಳಿದ್ದು ಅದನ್ನೇ.

ಮಂಡಕ್ಕಿ_ಪ್ರಿಯ

ಮೇಷ್ಟ್ರೇ, ಒಪ್ಪಲು ಮನಸ್ಸು ಬರುತ್ತಿಲ್ಲ. ಹತ್ತು ಲೀಟರ್ ನೀರೂ ಸಾವಿರ ಲೀಟರ್ ನೀರೂ ಒಂದೇ ಅಂತೀರಾ?

ಹಿರಿಯೂರು_ಹೈದ

ನಮ್ಮ ವಾಣಿವಿಲಾಸ ಸಾಗರ ನೋಡಿಕೊಂಡು ಹೋಗಿ ಗುರುವೇ. ನಾವು ಮಾರಿಕಣಿವೆ ಅಂತೀವಿ. 1907ರಲ್ಲಿ ಮುಗಿದ ಅಣೆಕಟ್ಟು. ಪೂರ್ತಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ 2022ರಲ್ಲೇ ಮತ್ತೆ ಕೋಡಿ ಬಿದ್ದಿದ್ದು. ಆವತ್ತು ಜಿಲ್ಲೆಗೆ ಜಿಲ್ಲೆಯೇ ಅಲ್ಲಿತ್ತು. ನಮ್ಮಜ್ಜಿ ಕೂಡ ಕೋಲೂರಿಕೊಂಡು ಬಂದಿದ್ದರು.

ಗೋಡೆಯ ಹಿಂದೆ ಕಣ್ಣು ಹಾಯಿಸಿದಷ್ಟು ದೂರ ನೀರು. ಗೋಡೆ ಮಾತ್ರ ಆ ದೂರವನ್ನು ಕೇಳೋದೇ ಇಲ್ಲ. ಅದು ಕೇಳೋದು ಆಳವನ್ನ. ಹಿಂದೆ ಹತ್ತು ಮಾರು ನೀರಿದ್ದರೂ ಹತ್ತು ಮೈಲಿ ನೀರಿದ್ದರೂ ಆಳ 130 ಅಡಿ ಆದರೆ ಬುಡದಲ್ಲಿ ಒತ್ತಡ ಒಂದೇ. ಅದಕ್ಕೇ ಇಂಥ ಗೋಡೆ ಮೇಲೆ ಸಣ್ಣ, ಬುಡದಲ್ಲಿ ದಪ್ಪ.

ಪಿಂಚಣಿ_ಮೇಷ್ಟ್ರು

ಭೇಷ್ ಹೈದ. ಇನ್ನೊಂದು ಮಾತು ಸೇರಿಸುತ್ತೇನೆ. ಮಾರಿಕಣಿವೆ ಗೋಡೆ ನಿಂತಿರೋದು ತನ್ನ ಭಾರದಿಂದಲೇ. ಕಲ್ಲು, ಗಾರೆ ಪೇರಿಸಿ, ನೀರು ಎಷ್ಟೇ ತಳ್ಳಿದರೂ ಮಗುಚದಷ್ಟು ಭಾರ ಮಾಡಿದ್ದಾರೆ. ನೀರನ್ನು ಒತ್ತುವಂತೆ ಮಾಡೋದೂ ಭೂಮಿಯ ಸೆಳೆತ, ಗೋಡೆಯನ್ನು ಕೂರಿಸಿ ಹಿಡಿದಿರೋದೂ ಅದೇ ಸೆಳೆತ.

ಕೋಟೆ_ಕೆಳಗಿನವಳು

ಇಷ್ಟು ಮಾತಾಡಿ ನಮ್ಮ ದುರ್ಗದ ಹೊಂಡಗಳನ್ನು ಬಿಟ್ಟಿರಲ್ಲ! ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಊರೊಳಗಿನ ಸಂತೆ ಹೊಂಡಕ್ಕೆ. ಮೋಟಾರ್ ಇಲ್ಲ, ಕರೆಂಟ್ ಇಲ್ಲ, ಕರೆಂಟ್ ಹೋಯಿತು ಅನ್ನೋ ಗೋಳೂ ಇಲ್ಲ. ಬಂಡೆ ಮೇಲೆ ಬಿದ್ದ ಮಳೆಗೆ ದಾರಿ ತೋರಿಸಿ ಬಿಟ್ಟರು, ಅಷ್ಟೇ. ಇಳಿಜಾರು ಎಲ್ಲಿಂದ ಎಲ್ಲಿಗೆ ಅಂತ ಗೊತ್ತಿದ್ದವರು ಕಟ್ಟಿದ್ದು.

ನನ್ನದೂ ಒಂದು ಪ್ರಶ್ನೆ ಮೇಷ್ಟ್ರೇ. ಕೋಟೆಯಲ್ಲಿ ಒಂದರ ಮೇಲೊಂದು ಕೂತಿರುವ ಗುಂಡುಗಳನ್ನು ನೋಡಿ ನನ್ನ ಮಗ ದಿನಾ ಕೇಳುತ್ತಾನೆ, "ಅಮ್ಮಾ ಅದು ಯಾಕೆ ಬೀಳಲ್ಲ?" ಅಂತ. ಏನು ಹೇಳಲಿ?

ಪಿಂಚಣಿ_ಮೇಷ್ಟ್ರು

ಗುಂಡಿನ ಭಾರವೆಲ್ಲ ಒಂದು ಜಾಗದಲ್ಲಿ ಸೇರಿದೆ ಅಂದುಕೊಳ್ಳಮ್ಮ. ಅಲ್ಲಿಂದ ಒಂದು ದಾರ ಇಳಿಬಿಟ್ಟರೆ, ಅದು ಗುಂಡು ಕೂತ ಜಾಗದ ಒಳಗೇ ಬಿದ್ದರೆ ಗುಂಡು ಕೂತಿರುತ್ತದೆ. ಆಚೆ ಬಿದ್ದರೆ ಉರುಳುತ್ತದೆ. ಬಂಡೆಗೆ ಬಂಡೆ ಉಜ್ಜುವ ಹಿಡಿತ ಇರೋದರಿಂದ ಜಾರೋದೂ ಇಲ್ಲ. ಮಗನಿಗೆ ಒಂದು ಆಟ ಹೇಳಿಕೊಡಿ. ಬೆನ್ನು, ಹಿಮ್ಮಡಿ ಎರಡನ್ನೂ ಗೋಡೆಗೆ ಅಂಟಿಸಿ ನಿಂತು, ಮಂಡಿ ಬಗ್ಗಿಸದೆ ಕಾಲ ಮುಂದಿನ ಚಾಕೊಲೇಟ್ ಎತ್ತಿಕೊಳ್ಳಲಿ. ಆಗೋದಿಲ್ಲ. ಬಗ್ಗುವಾಗ ನಾವು ನಮಗೆ ಗೊತ್ತಿಲ್ಲದೆ ಸೊಂಟವನ್ನು ಹಿಂದೆ ತಳ್ಳುತ್ತೇವೆ, ಗೋಡೆ ಅದಕ್ಕೆ ಬಿಡೋದಿಲ್ಲ. ಹುಲ್ಲು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ತಿರುವಿನಲ್ಲಿ ಮಗುಚೋದಕ್ಕೂ ಇದೇ ಕಾರಣ. ಭಾರ ಮೇಲೆ ಹೋದಷ್ಟೂ ಸ್ವಲ್ಪ ವಾಲಿದರೆ ಸಾಕು, ಆ ದಾರ ಚಕ್ರದ ಆಚೆ ಬೀಳುತ್ತದೆ.

ಕೋಟೆ_ಕೆಳಗಿನವಳು

ಮಗ ಆಗಲೇ ಮೂರು ಸಲ ಮುಗ್ಗರಿಸಿದ. ಚಾಕೊಲೇಟ್ ನಾನು ತಿಂದೆ.

ಮಂಡಕ್ಕಿ_ಪ್ರಿಯ

ಸರಿ, ನೀರಿನ ವಿಷಯ ಬಿಟ್ಟೆ. ಆದರೆ ಭಾರಕ್ಕೆ ಬೆಲೆಯೇ ಇಲ್ಲ ಅನ್ನಬೇಡಿ. ತಾರಸಿಯಿಂದ ಒಂದು ಮುಷ್ಟಿ ಮಂಡಕ್ಕಿ, ಒಂದು ಕಲ್ಲು ಎರಡನ್ನೂ ಬಿಡಿ. ಯಾವುದು ಮೊದಲು ಬೀಳುತ್ತದೆ? ದಾವಣಗೆರೆಯವನಿಗೆ ಮಂಡಕ್ಕಿ ವಿಷಯ ಹೇಳಿಕೊಡಬೇಡಿ.

ಪಿಂಚಣಿ_ಮೇಷ್ಟ್ರು

ಹೇಳಿಕೊಡೋದಿಲ್ಲ, ನೀವೇ ಮಾಡಿ ನೋಡಿ. ಎರಡು ಒಂದೇ ಥರದ ಸ್ಟೀಲ್ ಡಬ್ಬಿ ತಗೊಳ್ಳಿ. ಒಂದರಲ್ಲಿ ಮಂಡಕ್ಕಿ, ಇನ್ನೊಂದರಲ್ಲಿ ಮರಳು. ಮುಚ್ಚಳ ಬಿಗಿ ಮಾಡಿ. ಕೆಳಗೆ ಯಾರೂ ಇಲ್ಲದ್ದು ನೋಡಿಕೊಂಡು ಒಟ್ಟಿಗೆ ಬಿಡಿ. ಡಬ್ಬಿ ನಜ್ಜುಗುಜ್ಜಾದರೆ ಮನೆಯವರಿಗೆ ನನ್ನ ಹೆಸರು ಹೇಳಬೇಡಿ.

ಮಂಡಕ್ಕಿ_ಪ್ರಿಯ

ಮಾಡಿದೆ. ಮೂರು ಸಲ ಮಾಡಿದೆ. ಒಂದೇ ಸದ್ದು ಕೇಳಿತು. ಎರಡೂ ಒಟ್ಟಿಗೆ ಬಿದ್ದವು. ಇದು ಹೇಗೆ?

ಪಿಂಚಣಿ_ಮೇಷ್ಟ್ರು

ಬಿಡಿ ಮಂಡಕ್ಕಿಯನ್ನು ತಡೆದಿದ್ದು ಗಾಳಿ. ಮೈ ದೊಡ್ಡದು, ತೂಕ ಇಲ್ಲ. ಹಾಗಾಗಿ ಗಾಳಿಯ ತಡೆ ಬೇಗ ಗೆಲ್ಲುತ್ತದೆ. ಡಬ್ಬಿಯೊಳಗೆ ಹಾಕಿದ ಮೇಲೆ ಗಾಳಿಗೆ ಸಿಕ್ಕಿದ್ದು ಡಬ್ಬಿ ಮಾತ್ರ, ಇಷ್ಟು ಎತ್ತರಕ್ಕೆ ಅದರ ತಡೆ ಲೆಕ್ಕಕ್ಕೇ ಬರೋದಿಲ್ಲ.

ಭಾರದ ಡಬ್ಬಿಯನ್ನು ಭೂಮಿ ಜಾಸ್ತಿ ಸೆಳೆಯುತ್ತದೆ, ಅದು ನಿಜ. ಆದರೆ ಅದನ್ನು ಅಲುಗಿಸೋದೂ ಅಷ್ಟೇ ಕಷ್ಟ. ಒಂದು ಚೀಲ ಮೆಕ್ಕೆಜೋಳಕ್ಕೆ ಒಂದು ಎತ್ತು, ಎರಡು ಚೀಲಕ್ಕೆ ಎರಡು ಎತ್ತು ಕಟ್ಟಿದ ಹಾಗೆ. ಚೀಲ ಹೆಚ್ಚಾದರೆ ಎತ್ತೂ ಹೆಚ್ಚು. ಎರಡು ಗಾಡಿಯೂ ಒಂದೇ ವೇಗದಲ್ಲಿ ಹೋಗುತ್ತವೆ. 1971ರಲ್ಲಿ ಅಪೊಲೊ 15ರಲ್ಲಿ ಹೋದ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ, ಹಕ್ಕಿ ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟರು. ಅಲ್ಲಿ ಗಾಳಿ ಇಲ್ಲ. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಬೀಳುವ ವೇಗಕ್ಕೂ ಎತ್ತರವೇ ಲೆಕ್ಕ. 15 ಮೀಟರ್ ಎತ್ತರದ ಮರದಿಂದ ತೆಂಗಿನಕಾಯಿ ಬಿದ್ದರೆ ನೆಲಕ್ಕೆ ಬರೋದು ಎರಡು ಸೆಕೆಂಡಿಗಿಂತ ಕಮ್ಮಿ ಹೊತ್ತಿನಲ್ಲಿ. ಆಗ ವೇಗ ಗಂಟೆಗೆ 60 ಕಿ.ಮೀ. ಹತ್ತಿರ. ಅದೇ ಎತ್ತರದಿಂದ ಅಡಿಕೆ ಬಿದ್ದರೂ ವೇಗದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ತಲೆಗೆ ಬಿದ್ದಾಗ ಮಾತ್ರ ಭಾರದ ಬೆಲೆ ಗೊತ್ತಾಗುತ್ತದೆ!

ಚಳ್ಳಕೆರೆ_ಶೇಂಗಾ

ಮಂಡಕ್ಕಿ ಅಂದಾಗ ನಮ್ಮ ಕಣ ನೆನಪಾಯಿತು. ಶೇಂಗಾ ಬಡಿದ ಮೇಲೆ ಮೊರ ಎತ್ತಿ ತೂರುತ್ತೀವಿ. ಕಾಯಿ ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಆಚೆ ಹಾರುತ್ತದೆ. ಸೆಳೆತ ಎರಡಕ್ಕೂ ಇದೆ, ಬೇರೆ ಮಾಡೋದು ಗಾಳಿ. ಗಾಳಿ ಬಿದ್ದುಹೋದ ದಿನ ತೂರುವವನು ಸುಮ್ನೆ ಬೀಡಿ ಸೇದುತ್ತಾ ಕೂರಬೇಕು.

ನಮ್ಮ ಚಳ್ಳಕೆರೆ ಹತ್ತಿರದ ಪರೀಕ್ಷಾ ನೆಲೆಯಲ್ಲೇ ಇಸ್ರೋದವರು ರೆಕ್ಕೆ ಇರುವ ವಾಹನವನ್ನು ಮೇಲಿಂದ ಕೈಬಿಟ್ಟಿದ್ದು. ಮೊದಲ ಸಲ 2023ರ ಏಪ್ರಿಲ್ 2ರಂದು. ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಎತ್ತಿಕೊಂಡು ಹೋಗಿ ಬಿಟ್ಟಿತು. ಒಳಗೆ ಜನ ಇಲ್ಲ, ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. ಆಮೇಲೆ 2024ರಲ್ಲಿ ಇನ್ನೆರಡು ಸಲ ಮಾಡಿದರು. ಇದೂ ಬೀಳೋದೇ ತಾನೆ ಮೇಷ್ಟ್ರೇ?

ಪಿಂಚಣಿ_ಮೇಷ್ಟ್ರು

ಬೀಳೋದೇ. ಆದರೆ ಬೀಳೋದನ್ನು ಮುಂದೆ ಹೋಗುವುದಕ್ಕೆ ತಿರುಗಿಸಿಕೊಂಡಿದ್ದಾರೆ. ಗಾಳಿಯೇ ಇಲ್ಲದಿದ್ದರೆ ಅಷ್ಟು ಎತ್ತರದಿಂದ ನೆಲಕ್ಕೆ ಬರುವಾಗ ವೇಗ ಗಂಟೆಗೆ ಸಾವಿರ ಕಿ.ಮೀ. ಹತ್ತಿರ ಇರುತ್ತಿತ್ತು. ಮೂರನೇ ಸಲದ ಪರೀಕ್ಷೆಯಲ್ಲಿ ಇಳಿದ ವೇಗ ಗಂಟೆಗೆ 320 ಕಿ.ಮೀ. ಮೇಲೆ. ಆಮೇಲೆ ಪ್ಯಾರಾಚೂಟ್ ಬಿಚ್ಚಿ ಅದನ್ನು 100ರ ಹತ್ತಿರಕ್ಕೆ ಇಳಿಸಿದರು. ನಿಮ್ಮ ಹೊಟ್ಟು ಹಾರುವ ಗಾಳಿಯನ್ನೇ ರೆಕ್ಕೆ ಹಿಡಿದುಕೊಂಡಿತು ಅನ್ನಿ.

ಹತ್ತಿ_ಅಂಗಡಿ

ಎಲ್ಲ ಸರಿ, ನಮ್ಮ ಹಳೇ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಿ. ಒಂದು ಕೆಜಿ ಹತ್ತಿ ಭಾರವೋ ಒಂದು ಕೆಜಿ ಕಬ್ಬಿಣ ಭಾರವೋ?

ಪಿಂಚಣಿ_ಮೇಷ್ಟ್ರು

ನೀವು ನಗೋದಕ್ಕೆ ಕೇಳಿದಿರಿ, ನಾನು ನಿಜವಾಗಿ ಉತ್ತರ ಕೊಡುತ್ತೇನೆ. ಒಂದೇ ಊರಲ್ಲಿ ಎರಡನ್ನೂ ಭೂಮಿ ಒಂದೇ ಸಮ ಸೆಳೆಯುತ್ತದೆ. ಊರು ಬದಲಾದರೆ ಮಾತ್ರ ಬೇರೆ. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿ ಅಳೆಯೋದು ವಸ್ತು ಎಷ್ಟು ಒತ್ತುತ್ತದೆ ಅನ್ನೋದನ್ನ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಇಲ್ಲ. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ದೆಹಲಿಯಲ್ಲಿ ಸೆಕೆಂಡಿಗೆ 9.79 ಮೀಟರಿನಷ್ಟು ಏರಿದರೆ, ನಮ್ಮ ಕಡೆ 9.78. ದೆಹಲಿಯಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೇ ತಂದು ದಾವಣಗೆರೆಯಲ್ಲಿ ಇಟ್ಟರೆ ಕೆಜಿಗೆ ಸುಮಾರು 1 ಗ್ರಾಂ ಕಮ್ಮಿ ತೋರಿಸುತ್ತದೆ. ಕ್ವಿಂಟಲ್‌ಗೆ 100 ಗ್ರಾಂ. ಅದಕ್ಕೇ ಇಂಥ ತಕ್ಕಡಿಯನ್ನು ಬಳಸುವ ಊರಲ್ಲೇ ಹೊಂದಿಸಬೇಕು. ಎರಡು ತಟ್ಟೆಯ ಹಳೇ ತಕ್ಕಡಿಗೆ ಈ ತಾಪತ್ರಯ ಇಲ್ಲ. ಸೆಳೆತ ಕಮ್ಮಿಯಾದರೆ ಎರಡು ತಟ್ಟೆಗೂ ಕಮ್ಮಿಯಾಗುತ್ತದೆ. ಚಂದ್ರನ ಮೇಲೂ ಅದು ಸರಿಯಾಗೇ ತೂಗುತ್ತದೆ.

ಹತ್ತಿ_ಅಂಗಡಿ

ನಮ್ಮ ತಾತ ಹಳೇ ತಕ್ಕಡಿ ಮಾರಬೇಡ ಅಂದಿದ್ದರು. ಗುಜರಿಗೆ ಹಾಕಿದೆ.

ರಸಮಟ್ಟ

ಅಣ್ಣಂದಿರಾ, ಚಂದ್ರನಿಂದ ಸ್ವಲ್ಪ ಇಳಿದು ಬನ್ನಿ. ನಿಟುವಳ್ಳಿಯವರ ಶವರ್ ಇನ್ನೂ ಹಾಗೇ ಇದೆ.

ನಿಮ್ಮ ಮನೆಯಲ್ಲಿ ಎರಡು ತೊಂದರೆ ಇದೆ. ಎತ್ತರ ಕಮ್ಮಿ ಅನ್ನೋದು ಒಂದು. ಕೆಳಗೆ ನಲ್ಲಿ ಬಿಟ್ಟರೆ ಮೇಲೆ ಸಾಯುತ್ತದೆ ಅಂದಿರಲ್ಲ, ಅದು ಇನ್ನೊಂದು. ಟ್ಯಾಂಕಿನಿಂದ ಇಳಿಯುವ ಪೈಪ್ ಸಣ್ಣದು, ಅದರಲ್ಲೇ ಎರಡು ಮನೆಯ ಪಾಲು. ಅರ್ಧ ಇಂಚಿನ ಪೈಪ್ ಇದ್ದರೆ ತೆಗೆಸಿ, ಟ್ಯಾಂಕಿನಿಂದ ಒಂದೂಕಾಲು ಇಂಚು ಇಳಿಸಿ. ಮೇಲಿನ ಬಚ್ಚಲಿಗೆ ಬೇರೆ ಕವಲು ಕೊಡಿ. ಎಲ್ಬೋ ಆದಷ್ಟು ಕಮ್ಮಿ ಇರಲಿ. ಬೋರ್‌ವೆಲ್ ನೀರಾದರೆ ಶವರ್ ಬಿಚ್ಚಿ ನೋಡಿ, ತೂತಿನಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ರಾತ್ರಿ ಹುಣಸೆಹುಳಿ ನೀರಲ್ಲಿ ನೆನೆಹಾಕಿ.

ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಟ್ಯಾಂಕನ್ನು ಇನ್ನೂ 4 ಅಡಿ ಎತ್ತರಿಸಿ. ಸ್ಟ್ಯಾಂಡಿನ ಕಾಲು ಪಿಲ್ಲರ್ ಅಥವಾ ತೊಲೆ ಮೇಲೇ ಬರಬೇಕು. ಸೋಲಾರ್ ಇದ್ದರೆ ನೆನಪಿಡಿ, ತಣ್ಣೀರಿನ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಮೇಲೇ ಇರಬೇಕು. ಸೋಲಾರ್ ಒಂದನ್ನೇ ಎತ್ತರಿಸಿ ಬಿಸಿನೀರು ಬರಲ್ಲ ಅಂತ ಕರೆದವರಿದ್ದಾರೆ.

ನಿಟುವಳ್ಳಿ_ನಿವಾಸಿ

4 ಅಡಿ ಎತ್ತರಿಸಿದರೆ 4 ಅಡಿ ಇದ್ದದ್ದು 8 ಆಗುತ್ತದೆ. ಅಂದರೆ ದುಪ್ಪಟ್ಟು ನೀರು?

ಪಿಂಚಣಿ_ಮೇಷ್ಟ್ರು

ಒತ್ತಡ ದುಪ್ಪಟ್ಟು. ನೀರು ಹೊರಬರುವ ವೇಗ ದುಪ್ಪಟ್ಟಲ್ಲ, ಒಂದೂಮುಕ್ಕಾಲು ಪಟ್ಟು ಆದೀತು ಅಂತ ಆಸೆ ಇಟ್ಟುಕೊಂಡರೂ ಮೋಸ ಹೋಗುತ್ತೀರಿ. 1.4 ಪಟ್ಟು ಮಾತ್ರ. ವೇಗ ದುಪ್ಪಟ್ಟು ಬೇಕಾದರೆ ಎತ್ತರ ನಾಲ್ಕು ಪಟ್ಟು ಆಗಬೇಕು. ಅದಕ್ಕೇ ರಸಮಟ್ಟದವರು ಪೈಪ್ ಮೊದಲು ಅಂದಿದ್ದು. ಅಗಲದ ಟ್ಯಾಂಕಿನಿಂದ ಒಂದು ಲಾಭ ಇದೆ, ನಿಮ್ಮ ತಂದೆಯವರಿಗೆ ಹೇಳಿ. ನೀರಿನ ಮಟ್ಟ ನಿಧಾನಕ್ಕೆ ಇಳಿಯುತ್ತದೆ.

ಮಗಳಿಗೂ ಒಂದು ಕೆಲಸ. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಒಂದು ತೂತು ಮಾಡಿ, ನೀರು ತುಂಬಿಸಿ, ಮುಚ್ಚಳ ತೆಗೆದು ಎತ್ತಿ ಹಿಡಿಯಲಿ. ನೀರು ಚಿಮ್ಮುತ್ತದೆ. ಹಾಗೇ ಕೈಬಿಡಲಿ. ಬೀಳುವಷ್ಟು ಹೊತ್ತೂ ತೂತಿನಿಂದ ನೀರು ಬರೋದಿಲ್ಲ. ಬಾಟಲಿಯೂ ನೀರೂ ಒಂದೇ ವೇಗದಲ್ಲಿ ಬೀಳುತ್ತಿರುವಾಗ ನೀರು ಯಾರನ್ನೂ ಒತ್ತೋದಿಲ್ಲ. 400 ಕಿ.ಮೀ. ಮೇಲಿನ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುವವರ ಕಥೆಯೂ ಇದೇ. ಅಲ್ಲಿ ಸೆಳೆತ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲಿರುವುದರ ಶೇ. 90ರ ಹತ್ತಿರ ಅಲ್ಲೂ ಇದೆ. ಅವರು ನಿಲ್ದಾಣದ ಜೊತೆಗೇ ಬೀಳುತ್ತಿದ್ದಾರೆ, ಭೂಮಿಯನ್ನು ಸುತ್ತುತ್ತಾ.

ಮಂಡಕ್ಕಿ_ಪ್ರಿಯ

ಅಂದರೆ ನಿಟುವಳ್ಳಿ ಅಣ್ಣನ ಟ್ಯಾಂಕೇ ತಾರಸಿಯಿಂದ ಬಿದ್ದರೆ ಬೀಳುವಷ್ಟು ಹೊತ್ತು ಶವರಿನಲ್ಲಿ ಒಂದು ಹನಿಯೂ ಬರೋದಿಲ್ಲ!

ರಸಮಟ್ಟ

ಬಿದ್ದ ಮೇಲೂ ಬರೋದಿಲ್ಲ.

ನಿಟುವಳ್ಳಿ_ನಿವಾಸಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ. ಶವರ್ ಬಿಚ್ಚಿದರೆ ಅರ್ಧ ತೂತು ಮುಚ್ಚಿಹೋಗಿದ್ದವು. ಹುಣಸೆಹುಳಿಗೆ ಬಿಟ್ಟವು. ಪೈಪ್ ನಿಜವಾಗಿಯೂ ಅರ್ಧ ಇಂಚೇ ಇತ್ತು, ಬದಲಾಯಿಸಿದೆವು. ಮೊದಲು 15 ಲೀಟರ್ ಬಕೆಟ್ ಶವರಿನಿಂದ ತುಂಬಲು ಐದು ನಿಮಿಷ ಹಿಡಿಯುತ್ತಿತ್ತು. ಈಗ ಎರಡೂವರೆ. ಸ್ಟ್ಯಾಂಡ್ ಇನ್ನೂ ಮಾಡಿಸಿಲ್ಲ, ಬೇಕಾಗುತ್ತದೋ ಇಲ್ಲವೋ ನೋಡೋಣ. ಹೊಸ ಟ್ಯಾಂಕಿಗೆ ಎತ್ತಿಟ್ಟ ದುಡ್ಡಿನಲ್ಲಿ ಮುಕ್ಕಾಲು ಭಾಗ ಉಳಿದಿದೆ. ಅಪ್ಪಾಜಿ ಏನೂ ಹೇಳಲಿಲ್ಲ. ಅಳೆಯೋ ಟೇಪ್ ಮಾತ್ರ ಈಗ ಅವರ ಜೇಬಲ್ಲಿ ಇರುತ್ತದೆ, ಪಕ್ಕದ ಮನೆಯವರ ಟ್ಯಾಂಕ್ ಕಟ್ಟೆ ಅಳೆದು ಬಂದರಂತೆ.

ಮಗಳು ಬಾಟಲಿ ಪ್ರಯೋಗ ತಾರಸಿಯಿಂದ ಮಾಡಿದಳು ಮೇಷ್ಟ್ರೇ. ನೀವು ಹೇಳಿದ ಹಾಗೇ ಬೀಳುವಾಗ ನೀರು ನಿಂತಿತು. ಮೊಬೈಲಿನಲ್ಲಿ ನಿಧಾನಗತಿ ವಿಡಿಯೋ ಕೂಡ ಮಾಡಿದ್ದಾಳೆ. ಆದರೆ ಕೆಳಗೆ ಅವರಮ್ಮ ಸಂಡಿಗೆ ಒಣಹಾಕಿದ್ದರು.

ಪಿಂಚಣಿ_ಮೇಷ್ಟ್ರು

ಕೆಳಗೆ ನೋಡಿಕೊಂಡು ಬಿಡಿ ಅಂತ ಡಬ್ಬಿಯವರಿಗೆ ಹೇಳಿದ್ದೆ. ಬಾಟಲಿಗೆ ಹೇಳೋದು ಮರೆತೆ. ಮನೆಯವರಿಗೆ ನನ್ನ ಹೆಸರು ಹೇಳಿಲ್ಲ ತಾನೆ?

ನಿಟುವಳ್ಳಿ_ನಿವಾಸಿ

ಹೇಳಿ ಆಯಿತು. ದಾವಣಗೆರೆಗೆ ಬಂದರೆ ಬೆಣ್ಣೆದೋಸೆ ಹೋಟೆಲಿನಲ್ಲಿ ಸಿಗೋಣ ಸಾರ್, ಸದ್ಯಕ್ಕೆ ಮನೆಗೆ ಬೇಡ.